ಅಂತಿಯೋಕ್ಯದ ಪಂಕ್ತಿಭೇದ

ಯೇಸುವನ್ನು ನಂಬಿದರೆ ಸಾಕು, ರಕ್ಷಣೆ ಸಿಕ್ಕಿತು. ಆಮೇಲೆ ಹೇಗೆ ಬದುಕಿದರೂ ನಡೆಯುತ್ತದೆ. ಕ್ರೈಸ್ತ ಬೋಧನೆಯನ್ನು ಹೊರಗಿನ ಅನೇಕರು ಹೀಗೆ ತಿಳಿದುಕೊಂಡಿದ್ದಾರೆ. ಒಳಗಿನ ಬೋಧಕರೂ ಎಷ್ಟೋ ಸಲ ಅದನ್ನು ಹೀಗೆಯೇ ಹೇಳಿಬಿಡುತ್ತಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಾಡಿನಲ್ಲಿ ಇಂಥ ಬೋಧನೆ ಅಗ್ಗದ್ದೆಂದು, ಹೊಣೆಗೇಡಿತನದ್ದೆಂದು ಅನ್ನಿಸುವುದು ಸಹಜವೇ. ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ಯೆಹೂದ್ಯರ ಧರ್ಮಶಾಸ್ತ್ರದ ವಿಧಿಗಳನ್ನು ನಡೆಸುವುದರಿಂದಲ್ಲ, ಕ್ರಿಸ್ತನಲ್ಲಿ ಇಟ್ಟ ನಂಬಿಕೆಯಿಂದ ಎಂದು ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲ ಬರೆದದ್ದು ನಿಜ. ಆದರೆ ಅದನ್ನು ಯಾವ ಸಂದರ್ಭದಲ್ಲಿ ಬರೆದ, ಯಾರ ಎದುರು ನಿಂತು ಬರೆದ ಎಂಬುದನ್ನು ಮರೆತು ಓದಿದರೆ ಆ ಮಾತಿನ ಜೀವವೇ ಹೋಗಿಬಿಡುತ್ತದೆ; ಸತ್ತ ಮೇಲೆ ಸ್ವರ್ಗ ಸೇರುವ ಸುಲಭೋಪಾಯವಷ್ಟೇ ಉಳಿಯುತ್ತದೆ. ಪೌಲನ ಬರಹದಲ್ಲಿ ಈ ಬೋಧನೆ ಮೊದಲು ಕಾಣಿಸಿಕೊಳ್ಳುವುದು ಸ್ವರ್ಗದ ಚರ್ಚೆಯಲ್ಲಲ್ಲ, ಊಟದ ಪಂಕ್ತಿಯಲ್ಲಿ ಎದ್ದ ಜಗಳದಲ್ಲಿ. ಯಾರು ಯಾರ ಜೊತೆ ಕೂತು ಉಣ್ಣಬಹುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರವಾಗಿ ಓದಿದಾಗ ಮಾತ್ರ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ತಿಳಿಯುತ್ತದೆ ಎನ್ನುವುದು ಈ ಬರಹದ ವಾದ.

ಜಗಳ ನಡೆದ ಊರು ಅಂತಿಯೋಕ್ಯ, ಆಗಿನ ಸಿರಿಯಾ ಪ್ರಾಂತದ ರಾಜಧಾನಿ. 2023ರ ಫೆಬ್ರವರಿಯ ಭೂಕಂಪದಲ್ಲಿ ಬಹುಪಾಲು ಕುಸಿದುಬಿದ್ದ ಟರ್ಕಿಯ ಅಂತಾಕ್ಯ ನಗರ ಅದೇ. ಯೇಸುವಿನ ಶಿಷ್ಯರನ್ನು ಮೊದಲಬಾರಿಗೆ ಕ್ರೈಸ್ತರೆಂದು ಕರೆದದ್ದು ಆ ಊರಿನಲ್ಲಿ ಎಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಕ್ರಿಸ್ತಶಕ ಮೊದಲ ಶತಮಾನದ ನಡುಭಾಗ. ಚರ್ಚ್ ಕಟ್ಟಡಗಳು ಇನ್ನೂ ಇರಲಿಲ್ಲ. ಜನ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಆ ಊಟದಲ್ಲೇ ರೊಟ್ಟಿ ಮುರಿದು ಯೇಸುವನ್ನು ನೆನೆಯುತ್ತಿದ್ದರು. ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಇದ್ದರು, ಯೆಹೂದ್ಯರಲ್ಲದವರೂ ಇದ್ದರು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರು. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಮುಖ್ಯನಾದ ಪೇತ್ರ ಅಲ್ಲಿಗೆ ಬಂದಾಗ ಅವನೂ ಹಾಗೆಯೇ ಕೂತು ಉಂಡ. ಆಮೇಲೆ ಯೆರೂಸಲೇಮಿನಿಂದ, ಯೇಸುವಿನ ಸಹೋದರನೂ ಅಲ್ಲಿನ ಸಭೆಯ ಹಿರಿಯನೂ ಆದ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರು ಬಂದದ್ದೇ ತಡ, ಪೇತ್ರ ಮೆಲ್ಲನೆ ಹಿಂದೆ ಸರಿದು ಪ್ರತ್ಯೇಕ ಕೂರತೊಡಗಿದ. ಉಳಿದ ಯೆಹೂದ್ಯರೂ ಅವನನ್ನು ಹಿಂಬಾಲಿಸಿದರು. ಪೌಲನ ಜೊತೆಗಾರ, ಯೆಹೂದ್ಯರಲ್ಲದವರ ನಡುವೆ ಅವನೊಂದಿಗೆ ವರ್ಷಗಟ್ಟಲೆ ದುಡಿದ ಬಾರ್ನಬ ಕೂಡ ಎದ್ದುಹೋದ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪೌಲ ಇದನ್ನೆಲ್ಲ ತಾನೇ ದಾಖಲಿಸಿದ್ದಾನೆ. ಎಲ್ಲರ ಎದುರಿಗೆ, ಪೇತ್ರನ ಮುಖಕ್ಕೇ ಹೇಳಿದೆ ಎನ್ನುತ್ತಾನೆ. ಧರ್ಮಶಾಸ್ತ್ರದಿಂದಲ್ಲ, ನಂಬಿಕೆಯಿಂದ ಎಂಬ ಆ ಪ್ರಸಿದ್ಧ ವಾಕ್ಯ ಬರುವುದು ಈ ಘಟನೆಯನ್ನು ಹೇಳಿ ಮುಗಿಸಿದ ಬೆನ್ನಿಗೆ. ಜಗಳದಲ್ಲಿ ತಾನು ಗೆದ್ದೆ ಎಂದು ಮಾತ್ರ ಅವನು ಎಲ್ಲೂ ಬರೆಯುವುದಿಲ್ಲ. ಅವನು ಗೆದ್ದಿರಲಾರ ಎಂದೇ ಅನೇಕ ವಿದ್ವಾಂಸರು ಊಹಿಸುತ್ತಾರೆ. ಗೆದ್ದಿದ್ದರೆ ಅದನ್ನು ಹೇಳದೆ ಬಿಡುವ ಸ್ವಭಾವ ಪೌಲನದಲ್ಲ ಎಂಬುದು ಅವನ ಪತ್ರಿಕೆಗಳನ್ನು ಓದಿದ ಯಾರಿಗೂ ಗೊತ್ತು.

ಪೇತ್ರ ಹಾಗೆ ಸರಿದದ್ದರಲ್ಲಿ ಅಂಥ ದೊಡ್ಡ ತಪ್ಪೇನು ಎಂದು ಕೇಳಬಹುದು. ಅವನು ಯಾರನ್ನೂ ಬಯ್ಯಲಿಲ್ಲ, ಯಾರನ್ನೂ ಹೊರಗೆ ಹಾಕಲಿಲ್ಲ, ತನ್ನ ತಟ್ಟೆಯನ್ನಷ್ಟೇ ಬೇರೆ ಕಡೆ ಒಯ್ದ. ಜಾತಿಯ ನಾಡಿನಲ್ಲಿ ಬದುಕಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸುನ್ನತಿ ಮಾಡಿಸಿಕೊಳ್ಳದ, ಆಹಾರದ ಕಟ್ಟಳೆಗಳನ್ನು ಪಾಲಿಸದ ಗ್ರೀಕ್ ವಿಶ್ವಾಸಿಗೆ ಪೇತ್ರನ ಖಾಲಿ ಜಾಗ ಹೇಳಿದ್ದು ಒಂದೇ ಮಾತು: ನೀನು ಕ್ರಿಸ್ತನನ್ನು ನಂಬಿದ್ದು ಒಳ್ಳೆಯದೇ, ಆದರೆ ಸಾಲದು, ಮೊದಲು ನಮ್ಮವನಾಗು, ಆಮೇಲೆ ನಮ್ಮ ಜೊತೆ ಉಣ್ಣು. ಪೌಲನ ಕೋಪ ಆ ‘ಸಾಲದು’ ಎಂಬುದರ ಮೇಲೆ. ಇದಕ್ಕೂ ಮುಂಚೆ ತೀತನೆಂಬ ಗ್ರೀಕನನ್ನು ಅವನು ಯೆರೂಸಲೇಮಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಕೆಲವರ ಒತ್ತಡವಿದ್ದರೂ ತೀತನಿಗೆ ಸುನ್ನತಿ ಮಾಡಿಸುವ ಬಲವಂತ ನಡೆಯಲಿಲ್ಲ. ಹಿರಿಯರು ಪೌಲನ ಕೈಹಿಡಿದು, ಒಪ್ಪಿ ಕಳಿಸಿದ್ದರು. ಮಾತಿನಲ್ಲಿ ಒಪ್ಪಿಕೊಂಡದ್ದನ್ನು ಊಟಕ್ಕೆ ಕೂರುವ ಹೊತ್ತಿಗೆ ಮುರಿದರೆ ಒಪ್ಪಿಕೊಂಡದ್ದಕ್ಕೆ ಬೆಲೆಯೇನು? ಪೌಲನ ದೃಷ್ಟಿಯಲ್ಲಿ ಅಲ್ಲಿ ಮುರಿದದ್ದು ಶಿಷ್ಟಾಚಾರವಲ್ಲ, ಸುವಾರ್ತೆಯೇ.

ಗಲಾತ್ಯದಲ್ಲಿ, ಎಂದರೆ ಇಂದಿನ ಟರ್ಕಿಯ ಒಳನಾಡಿನಲ್ಲಿ, ಇದೇ ಒತ್ತಡ ಇನ್ನೊಂದು ರೂಪದಲ್ಲಿ ಬಂತು. ಪೌಲ ಸಭೆಗಳನ್ನು ಕಟ್ಟಿ ಹೋದ ಮೇಲೆ ಬೇರೆ ಬೋಧಕರು ಬಂದು, ಸುನ್ನತಿಯಾಗದೆ ನೀವು ಯೆಹೂದ್ಯರ ಮೂಲಪುರುಷ ಅಬ್ರಹಾಮನ ಮಕ್ಕಳಾಗಲಾರಿರಿ ಎಂದರು. ಪೌಲ ಬರೆದ ಉತ್ತರದಲ್ಲಿ ಅವನ ಉಳಿದ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಆರಂಭದ ಕೃತಜ್ಞತೆಯ ಮಾತುಗಳೇ ಇಲ್ಲ. ವಂದನೆ ಮುಗಿಸಿ ನೇರ ಗದರಿಕೆಗೆ ಇಳಿಯುತ್ತಾನೆ. ಕೊನೆಯಲ್ಲಿ, ಬರಹಗಾರನ ಕೈಯಿಂದ ಲೇಖನಿ ತೆಗೆದುಕೊಂಡವನಂತೆ, ನೋಡಿ, ಎಷ್ಟು ದೊಡ್ಡ ಅಕ್ಷರಗಳಲ್ಲಿ ನಾನೇ ಬರೆಯುತ್ತಿದ್ದೇನೆ ಎಂದು ಎಚ್ಚರಿಸುತ್ತಾನೆ. ಕೋಪ ಇಷ್ಟಿದ್ದರೂ ವಾದ ಮಾತ್ರ ಬಹಳ ಜಾಣತನದ್ದು. ಎದುರಾಳಿಗಳು ಹಿಡಿದುಕೊಂಡ ಅಬ್ರಹಾಮನನ್ನೇ ಅವನೂ ಹಿಡಿಯುತ್ತಾನೆ. ಅಬ್ರಹಾಮ ದೇವರನ್ನು ನಂಬಿದ, ಆ ನಂಬಿಕೆಯೇ ಅವನ ಲೆಕ್ಕಕ್ಕೆ ನೀತಿಯೆಂದು ಬಂತು ಎಂಬುದು ಆದಿಕಾಂಡದ 15ನೆಯ ಅಧ್ಯಾಯದಲ್ಲಿದೆ. ಸುನ್ನತಿಯ ಆಜ್ಞೆ ಬರುವುದು 17ನೆಯ ಅಧ್ಯಾಯದಲ್ಲಿ. ನಡುವಿನ ಅಧ್ಯಾಯದಲ್ಲಿ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಸುನ್ನತಿಯಾದಾಗ 99. ಅಂದರೆ ದೇವರು ಅವನನ್ನು ನೀತಿವಂತನೆಂದು ಎಣಿಸಿ ಕಡಿಮೆಯೆಂದರೂ 13 ವರ್ಷ ಕಳೆದ ಮೇಲೆ ಸುನ್ನತಿ ಬಂತು. ಮೋಶೆಯ ಧರ್ಮಶಾಸ್ತ್ರವಂತೂ ದೇವರು ಅಬ್ರಹಾಮನಿಗೆ ಕೊಟ್ಟ ವಾಗ್ದಾನದ 430 ವರ್ಷಗಳ ನಂತರದ್ದು ಎಂದು ಗಲಾತ್ಯ ಪತ್ರಿಕೆಯಲ್ಲಿ ಪೌಲ ಲೆಕ್ಕ ಕೊಡುತ್ತಾನೆ. ನಂತರ ಬಂದದ್ದು ಮೊದಲಿನದಕ್ಕೆ ಷರತ್ತಾಗಲಾರದು. ಹಾಗಾದರೆ ಅಬ್ರಹಾಮ ಸುನ್ನತಿಯವರಿಗೆ ಮಾತ್ರವಲ್ಲ, ಸುನ್ನತಿಯಿಲ್ಲದೆ ನಂಬುವವರಿಗೂ ತಂದೆ. ಕ್ರಿಸ್ತಶಕ ಸುಮಾರು 57ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಇದೇ ವಾದವನ್ನು ಅವನು ಇನ್ನಷ್ಟು ಸಾವಧಾನದಿಂದ ಬಿಚ್ಚಿಡುತ್ತಾನೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಬಹಳ ಗಂಭೀರವಾದದ್ದು. ಈ ಬೋಧನೆ ಯೆಹೂದ್ಯ ಧರ್ಮವನ್ನು ಒಣ ಕಟ್ಟಳೆಗಳ ಧರ್ಮವೆಂದು, ಪುಣ್ಯದ ಲೆಕ್ಕ ಕೂಡಿಸುವವರ ಧರ್ಮವೆಂದು ಚಿತ್ರಿಸುವುದಿಲ್ಲವೇ? ಶತಮಾನಗಳ ಕಾಲ ಕ್ರೈಸ್ತ ಬೋಧಕರು ಹಾಗೆಯೇ ಚಿತ್ರಿಸಿದರು ಎಂಬುದನ್ನು ಮುಚ್ಚಿಡಬಾರದು. ಜರ್ಮನಿಯ ಪ್ರಾಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದ ಪುಸ್ತಕ ಅವರ ಪ್ರಾರ್ಥನಾ ಮಂದಿರಗಳನ್ನು ಸುಡಬೇಕೆನ್ನುವವರೆಗೆ ಹೋಗುತ್ತದೆ; ನಾಲ್ಕು ಶತಮಾನಗಳ ನಂತರ ನಾಜಿಗಳು ಅದನ್ನು ಹೆಮ್ಮೆಯಿಂದ ಎತ್ತಿಕೊಂಡರು. ಆದರೆ ಆ ಚಿತ್ರ ಸುಳ್ಳು. ಯೆಹೂದ್ಯರ ಗ್ರಂಥಗಳನ್ನೇ ನೋಡಿ. ವಿಮೋಚನಕಾಂಡದಲ್ಲಿ ದೇವರು ಇಸ್ರಾಯೇಲರನ್ನು ಐಗುಪ್ತದ ದಾಸತ್ವದಿಂದ ಬಿಡಿಸುವುದು ಮೊದಲು, ಸೀನಾಯಿ ಬೆಟ್ಟದಲ್ಲಿ ಆಜ್ಞೆಗಳನ್ನು ಕೊಡುವುದು ಆಮೇಲೆ. ಹತ್ತು ಆಜ್ಞೆಗಳು ಶುರುವಾಗುವುದೇ ಆ ಬಿಡುಗಡೆಯ ನೆನಪಿನಿಂದ. ಬಿಡುಗಡೆ ಸಂಪಾದಿಸಲು ಅವರು ಆಜ್ಞೆ ಪಾಲಿಸಲಿಲ್ಲ. ಬಿಡುಗಡೆಯಾದ ಜನ ಹೇಗೆ ಬಾಳಬೇಕೆಂದು ಆಜ್ಞೆಗಳು ಹೇಳಿದವು. ಅಮೆರಿಕದ ವಿದ್ವಾಂಸ ಇ.ಪಿ. ಸ್ಯಾಂಡರ್ಸ್ 1977ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಪೌಲನ ಕಾಲದ ಯೆಹೂದ್ಯ ಬರಹಗಳನ್ನು ಜಾಲಾಡಿ ಇದನ್ನೇ ತೋರಿಸಿದರು. ಒಡಂಬಡಿಕೆಯೊಳಗೆ ಸೇರುವುದು ದೇವರ ಕೃಪೆಯಿಂದ, ಒಳಗೆ ಉಳಿಯುವುದು ವಿಧೇಯತೆಯಿಂದ, ತಪ್ಪಿದವನಿಗೆ ಪ್ರಾಯಶ್ಚಿತ್ತದ ದಾರಿಯುಂಟು: ಇದು ಆ ಕಾಲದ ಯೆಹೂದ್ಯ ಚಿಂತನೆಯ ಸಾಮಾನ್ಯ ಸ್ವರೂಪ ಎಂದರು. ಆ ಪುಸ್ತಕದ ನಂತರ ಪೌಲನ ಅಧ್ಯಯನ ಹಳೆಯ ಹಾದಿಯಲ್ಲೇ ಮುಂದುವರಿಯುವುದು ಸಾಧ್ಯವಾಗಲಿಲ್ಲ.

ಹಾಗಾದರೆ ಪೌಲನ ತಕರಾರು ಯಾವುದರ ಮೇಲೆ? ಧರ್ಮಶಾಸ್ತ್ರ ಪರಿಶುದ್ಧವಾದದ್ದು, ಒಳ್ಳೆಯದು ಎಂದು ರೋಮಾಪುರದವರಿಗೆ ಅವನೇ ಬರೆಯುತ್ತಾನೆ. ಯೆಹೂದ್ಯರು ತಮ್ಮ ಮಕ್ಕಳಿಗೆ ಸುನ್ನತಿ ಮಾಡಿಸಬಾರದೆಂದು ಅವನು ಎಲ್ಲಿಯೂ ಹೇಳಲಿಲ್ಲ. ಅವನು ತಡೆದದ್ದು ಅದನ್ನು ಬಾಗಿಲಾಗಿ ಮಾಡುವುದನ್ನು. ಒಂದು ಜನಾಂಗಕ್ಕೆ ಗುರುತಾಗಿ ಕೊಟ್ಟದ್ದನ್ನು ಎಲ್ಲ ಜನಾಂಗಗಳಿಗೂ ಪ್ರವೇಶದ ಷರತ್ತಾಗಿ ಹೇರಿದರೆ ದೇವರು ಒಂದು ಕುಲದ ದೇವರಾಗಿ ಉಳಿಯುತ್ತಾನೆ. ರೋಮಾಪುರ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲ ಕೇಳುವ ಪ್ರಶ್ನೆ ಇದೇ. ಹಾಗೆಂದು ಇಡೀ ಬೋಧನೆಯನ್ನು ಸಾಮಾಜಿಕ ಗಡಿಗಳ ಪ್ರಶ್ನೆಗೆ ಇಳಿಸುವವರ ಜೊತೆಗೂ ನಾನು ಪೂರ್ತಿ ಹೋಗಲಾರೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ತನ್ನ ಹೆಗ್ಗಳಿಕೆಯ ಪಟ್ಟಿಯೊಂದನ್ನು ಕೊಡುತ್ತಾನೆ. ಎಂಟನೆಯ ದಿನಕ್ಕೆ ಆದ ಸುನ್ನತಿ, ಬೆನ್ಯಾಮೀನನ ಕುಲ, ಶುದ್ಧ ಇಬ್ರಿಯ ವಂಶ: ಇವು ಹುಟ್ಟಿನಿಂದ ಬಂದವು. ಫರಿಸಾಯ ಪಂಥದವನಾಗಿ ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಿದ್ದು, ಅದರ ಪಾಲನೆಯಲ್ಲಿ ತಪ್ಪಿಲ್ಲದವನೆನಿಸಿದ್ದು: ಇವು ಸ್ವಂತ ದುಡಿಮೆಯಿಂದ ಗಳಿಸಿದವು. ಎರಡನ್ನೂ ಒಟ್ಟಿಗೆ ಕಸವೆಂದು ತಳ್ಳಿಬಿಡುತ್ತಾನೆ. ಹುಟ್ಟಿನ ಮೇಲ್ಮೆ, ಸಾಧನೆಯ ಮೇಲ್ಮೆ ಎರಡೂ ದೇವರ ಮುಂದೆ ನಡೆಯದ ನಾಣ್ಯಗಳೆಂಬುದು ಅವನ ಮಾತಿನ ಸಾರ. ಈ ಎರಡರಲ್ಲಿ ಒಂದನ್ನೇ ಹಿಡಿದವರು ಅರ್ಧ ಪೌಲನನ್ನು ಮಾತ್ರ ಓದಿದ್ದಾರೆ.

ಲೂಥರ್ ಹಿಡಿದದ್ದು ಸಾಧನೆಯ ಅರ್ಧವನ್ನು. ಅವನ ಕಾಲದ ಜರ್ಮನಿಯಲ್ಲಿ ಬಹುತೇಕ ಎಲ್ಲರೂ ದೀಕ್ಷಾಸ್ನಾನವಾದವರೇ. ಯೆಹೂದ್ಯರು, ಅನ್ಯರು ಒಂದೇ ಪಂಕ್ತಿಯಲ್ಲಿ ಕೂರುವ ಪ್ರಶ್ನೆ ಅವನ ಎದುರಿಗೆ ಇರಲಿಲ್ಲ. ಎರ್ಫುರ್ಟ್‌ನ ಅಗಸ್ಟೀನಿಯನ್ ಮಠದಲ್ಲಿ ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ಸಮಾಧಾನ ಸಿಗದ ಆ ಸನ್ಯಾಸಿಯ ಪ್ರಶ್ನೆಯೇ ಬೇರೆ: ಎಷ್ಟು ಮಾಡಿದರೆ ಸಾಕು? ಯಾವಾಗ ದೇವರಿಗೆ ತೃಪ್ತಿ? 1515ರ ಹೊತ್ತಿಗೆ ವಿಟೆನ್‌ಬರ್ಗ್‌ನಲ್ಲಿ ರೋಮಾಪುರ ಪತ್ರಿಕೆಯನ್ನು ಪಾಠ ಹೇಳುವಾಗ ಅವನಿಗೆ ಹೊಳೆದ ಉತ್ತರವೆಂದರೆ, ನೀತಿ ದೇವರು ಕೇಳುವ ಕಂದಾಯವಲ್ಲ, ಕೊಡುವ ದಾನ. 1517ರಲ್ಲಿ ಪಾಪದಂಡನೆಯ ವಿನಾಯಿತಿ ಪತ್ರಗಳ ಮಾರಾಟದ ವಿರುದ್ಧ ಅವನು 95 ವಾದಗಳನ್ನು ಎತ್ತಿದ. ಮುಂದಿನದು ಯುರೋಪಿನ ಇತಿಹಾಸ. ಸ್ವೀಡನ್ನಿನ ಲೂಥರನ್ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್ 1963ರಲ್ಲಿ ಒಂದು ಪ್ರಬಂಧದಲ್ಲಿ, ಪೌಲನಿಗೆ ಲೂಥರನಂತೆ ತನ್ನನ್ನೇ ತಿನ್ನುವ ಅಂತಃಸಾಕ್ಷಿಯ ಕಾಟವಿರಲಿಲ್ಲ, ಪಶ್ಚಿಮದ ಜನ ತಮ್ಮ ಕಾಟವನ್ನು ಪೌಲನಲ್ಲಿ ಓದಿಕೊಂಡರು ಎಂದು ವಾದಿಸಿದರು. ಅದು ಬಹುಮಟ್ಟಿಗೆ ನಿಜ. ಆದರೂ ಲೂಥರ್ ಪೌಲನಿಗೆ ಮೋಸ ಮಾಡಿದ ಎನ್ನಲಾಗದು. ಬೇರೆ ಪ್ರಶ್ನೆಯೊಂದಿಗೆ ಹೋದವನಿಗೂ ಆ ಪತ್ರಿಕೆಯಲ್ಲಿ ನ್ಯಾಯವಾದ ಉತ್ತರ ಸಿಕ್ಕಿತು. ಅವನ ಕೊರತೆ ಇರುವುದು ಬೇರೆ ಕಡೆ. 1525ರಲ್ಲಿ ದಕ್ಷಿಣ ಜರ್ಮನಿಯ ರೈತರು ಮೆಮ್ಮಿಂಗೆನ್ನಿನಲ್ಲಿ ಹನ್ನೆರಡು ಬೇಡಿಕೆಗಳನ್ನು ಬರೆದರು. ಮೂರನೆಯದರಲ್ಲಿ, ಕ್ರಿಸ್ತ ತನ್ನ ರಕ್ತದಿಂದ ಕುರುಬನನ್ನೂ ದೊರೆಯನ್ನೂ ಒಂದೇ ರೀತಿ ಬಿಡಿಸಿದ ಮೇಲೆ ನಾವು ಒಡೆಯರ ಜೀತದಾಳುಗಳಾಗಿ ಏಕಿರಬೇಕು ಎಂದು ಕೇಳಿದ್ದರು. ಅಂತಿಯೋಕ್ಯದ ಪ್ರಶ್ನೆ ಹೊಸ ಉಡುಪಿನಲ್ಲಿ ಮತ್ತೆ ಬಂದಿತ್ತು. ಆತ್ಮದ ಸ್ವಾತಂತ್ರ್ಯವನ್ನು ದೇಹದ ಸ್ವಾತಂತ್ರ್ಯವಾಗಿ ಮಾಡಬಾರದು, ಜೀತದಾಳು ಕೂಡ ಕ್ರೈಸ್ತನಾಗಿರಬಲ್ಲ ಎಂದು ಲೂಥರ್ ಉತ್ತರಿಸಿದ. ಬೋಧನೆ ಪಂಕ್ತಿಯಿಂದ ಎದ್ದು ಅಂತರಂಗದೊಳಗೆ ಹೋಗಿ ಕದ ಹಾಕಿಕೊಂಡದ್ದು ಅಲ್ಲಿ.

ಎರಡನೆಯ ಆಕ್ಷೇಪ ಎಲ್ಲರಿಗೂ ಮೊದಲು ಹೊಳೆಯುವಂಥದ್ದು: ಕ್ರಿಯೆಗಳಿಂದ ರಕ್ಷಣೆಯಿಲ್ಲವೆಂದರೆ ಒಳ್ಳೆಯವನಾಗಿ ಬಾಳುವುದೇಕೆ? ಇದನ್ನು ಮೊದಲು ಎತ್ತಿದವರಲ್ಲಿ ಪೌಲನೂ ಒಬ್ಬ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂದು ರೋಮಾಪುರ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ತಾನೇ ಕೇಳಿ, ಎಂದಿಗೂ ಇಲ್ಲವೆಂದು ತಾನೇ ಹೇಳುತ್ತಾನೆ. ಹೊಸ ಒಡಂಬಡಿಕೆಯಲ್ಲೇ ಇರುವ ಯಾಕೋಬನ ಪತ್ರಿಕೆ ಇನ್ನೂ ಕಟುವಾಗಿದೆ. ಉಡಲು ಬಟ್ಟೆಯಿಲ್ಲದ, ಅಂದಿನ ಊಟಕ್ಕೆ ಗತಿಯಿಲ್ಲದ ಸಹೋದರನಿಗೆ ಏನೂ ಕೊಡದೆ, ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹಾರೈಸಿ ಕಳಿಸುವವನನ್ನು ಅದು ಎದುರಿಗೆ ನಿಲ್ಲಿಸುತ್ತದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ. ದೇವರೊಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದೂ ಹೇಳುತ್ತದೆ. ಲೂಥರನಿಗೆ ಈ ಪತ್ರಿಕೆ ಇಷ್ಟವಿರಲಿಲ್ಲ, ಅದನ್ನು ಒಣಹುಲ್ಲಿಗೆ ಹೋಲಿಸಿದ. ಅದು ಅವಸರದ ತೀರ್ಪು. ಯಾಕೋಬ ಖಂಡಿಸುವುದು ತಲೆಯಲ್ಲಿ ಒಪ್ಪಿ ಕೈಯಲ್ಲಿ ತೋರಿಸದ ಒಪ್ಪಿಗೆಯನ್ನು. ಪೌಲ ಹೇಳುವುದು ತನ್ನನ್ನೇ ಒಪ್ಪಿಸಿಕೊಂಡ ಭರವಸೆಯನ್ನು. ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯೊಂದೇ ಲೆಕ್ಕಕ್ಕೆ ಬರುತ್ತದೆಂದು ಗಲಾತ್ಯ ಪತ್ರಿಕೆಯಲ್ಲೇ ಇದೆ. ಪೇತ್ರನನ್ನು ಪೌಲ ತರಾಟೆಗೆ ತೆಗೆದುಕೊಂಡದ್ದೂ ಯಾವುದೋ ತಪ್ಪು ಸಿದ್ಧಾಂತ ಹೇಳಿದ್ದಕ್ಕಲ್ಲ, ನಡೆದುಕೊಂಡ ರೀತಿಗೆ. ನಂಬಿಕೆಯಿಂದಲೇ ರಕ್ಷಣೆ ಎಂಬ ವಾಕ್ಯ ಹೊರಬಂದದ್ದೇ ಒಬ್ಬನ ನಡತೆ ಕೆಟ್ಟದ್ದನ್ನು ಕಂಡು. ಅಂಥ ವಾಕ್ಯ ನಡತೆಗೆ ಬೆಲೆಯಿಲ್ಲ ಎನ್ನುತ್ತದೆಂದು ತಿಳಿಯುವುದು ಹೇಗೆ ಸಾಧ್ಯ?

ಕ್ಯಾಥೊಲಿಕ್ ಸಭೆ 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಈ ವಿಷಯದ ಮೇಲೆ 33 ಖಂಡನಾ ನಿರ್ಣಯಗಳನ್ನು ಹೊರಡಿಸಿತು. ನಂಬಿಕೆಯೊಂದೇ ಸಾಕು, ಇನ್ನಾವುದರ ಸಹಕಾರವೂ ಬೇಡ ಎನ್ನುವವರನ್ನು ಶಪಿಸಿತು. ಜೊತೆಗೆ, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತರಾಗಬಹುದು ಎನ್ನುವವರನ್ನೂ ಶಪಿಸಿತು. ಎರಡನೆಯದನ್ನು ಪ್ರಾಟೆಸ್ಟೆಂಟರು ಬಹುಕಾಲ ಓದಲೇ ಇಲ್ಲವೇನೋ ಅನ್ನಿಸುತ್ತದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಸೇರಿ ಒಂದು ಜಂಟಿ ಘೋಷಣೆಗೆ ಸಹಿಹಾಕಿದವು. ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗಳಿಗೆ ಕರೆಯುತ್ತದೆ ಎಂಬುದು ಅದರ ತಿರುಳು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಅದಕ್ಕೆ ಸೇರಿದವು. ಯುದ್ಧಗಳಿಗೆ ಕಾರಣವಾಗಿದ್ದ ಒಂದು ವಾಕ್ಯದ ಮೇಲೆ ಇಷ್ಟು ಒಪ್ಪಿಗೆ ಮೂಡಿದ್ದು ಸಣ್ಣ ಸಂಗತಿಯಲ್ಲ. ಇನ್ನು ಅಗ್ಗದ ಕೃಪೆಯ ಆರೋಪವನ್ನು ಅತ್ಯಂತ ತೀಕ್ಷ್ಣವಾಗಿ ಮಾಡಿದವರು ಲೂಥರನ್ ಪಾದ್ರಿಯೇ ಆದ ಡೀಟ್ರಿಕ್ ಬೊನ್‌ಹಾಫರ್. 1937ರ ಪುಸ್ತಕದಲ್ಲಿ ಅವರು, ಶಿಷ್ಯತ್ವವಿಲ್ಲದ ಕೃಪೆಯನ್ನು ಹಂಚುವುದೇ ಸಭೆಯ ಮಾರಕ ಶತ್ರು ಎಂಬ ಅರ್ಥದಲ್ಲಿ ಬರೆದರು. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ್ದಕ್ಕಾಗಿ 1945ರ ಏಪ್ರಿಲ್‌ನಲ್ಲಿ ಅವರನ್ನು ನೇಣಿಗೆ ಹಾಕಲಾಯಿತು. ನಂಬಿಕೆಯಿಂದಲೇ ರಕ್ಷಣೆ ಎಂಬುದನ್ನು ಅವರು ಕೊನೆಯವರೆಗೂ ಬಿಟ್ಟುಕೊಟ್ಟಿರಲಿಲ್ಲ.

ಮೂರನೆಯ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟ. ಸುನ್ನತಿಯ ಗೋಡೆ ಕೆಡವಿ ನಂಬಿಕೆಯ ಗೋಡೆ ಕಟ್ಟಿದಂತಾಗಲಿಲ್ಲವೇ? ಕ್ರಿಸ್ತನನ್ನು ನಂಬದವರು, ಅವನ ಹೆಸರನ್ನೇ ಕೇಳದವರು ಹೊರಗೇ ಉಳಿದರಲ್ಲ? ಈ ಬೋಧನೆಯ ಒಳತರ್ಕವನ್ನು ಹಿಡಿದು ಹೇಳುವುದಾದರೆ, ನಂಬಿಕೆ ಎಂಬುದು ದೇವರಿಗೆ ಸಲ್ಲಿಸುವ ಬೆಲೆಯಲ್ಲ, ತಿರುಕ ಚಾಚಿದ ಬರಿಗೈ. ಕೈ ಚಾಚಿದ್ದಕ್ಕಾಗಿ ಯಾರೂ ಹೆಮ್ಮೆಪಡುವಂತಿಲ್ಲ. ತಾನು ನಂಬಿದೆ, ಆದ್ದರಿಂದ ತಾನು ಮೇಲು ಎಂದು ಹೇಳಿದ ಗಳಿಗೆಯಲ್ಲೇ ಆ ನಂಬಿಕೆ ಮತ್ತೊಂದು ಕಟ್ಟಳೆಯಾಗಿಬಿಡುತ್ತದೆ. ಸಭೆಗಳು ಇತಿಹಾಸದಲ್ಲಿ ಅದನ್ನು ಹಾಗೆಯೇ ಮಾಡಿವೆ, ಸಿದ್ಧಾಂತದ ಪರೀಕ್ಷೆಯಲ್ಲಿ ತೇರ್ಗಡೆಯಾಗದವರನ್ನು ಸುಟ್ಟೂ ಇವೆ. ಪೌಲನೋ, ಯೇಸುವನ್ನು ಒಪ್ಪದ ತನ್ನ ಸ್ವಜನರ ಬಗ್ಗೆ ರೋಮಾಪುರ ಪತ್ರಿಕೆಯಲ್ಲಿ ಮೂರು ಅಧ್ಯಾಯ ಬರೆದು, ಕೊನೆಗೆ ಅವರನ್ನು ತಳ್ಳಿಹಾಕದೆ, ದೇವರ ಕರುಣೆ ಎಲ್ಲರನ್ನೂ ಒಳಗೊಳ್ಳುತ್ತದೆಂಬ ನಿರೀಕ್ಷೆಯಲ್ಲಿ ನಿಲ್ಲಿಸುತ್ತಾನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಗೆ ತಕ್ಕಂತೆ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯವೆಂದು ಬರೆಯಿತು. ಜರ್ಮನಿಯ ಲೂಥರನ್ ಚಿಂತಕ ರುಡಾಲ್ಫ್ ಓಟೊ ಭಾರತದ ಕೃಪಾಮಾರ್ಗವನ್ನು, ಅದರಲ್ಲೂ ರಾಮಾನುಜರ ಪರಂಪರೆಯ ಶರಣಾಗತಿಯನ್ನು ಕ್ರೈಸ್ತ ಬೋಧನೆಯ ಪಕ್ಕದಲ್ಲಿಟ್ಟು 1930ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎರಡೂ ಒಂದೇ ಅಲ್ಲವೆಂದು ಅವರು ಹೇಳಿದರೂ, ಕೃಪೆಯ ಅರಿವು ಕ್ರೈಸ್ತರ ಸ್ವತ್ತು ಮಾತ್ರ ಎಂಬ ಭ್ರಮೆ ಅವರಿಗಿರಲಿಲ್ಲ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ಸಿಕ್ಕಿದೆ ಎಂದು ನಾನು ಹೇಳುವುದಿಲ್ಲ. ನಂಬಿಕೆಯನ್ನು ಗಡಿಗಲ್ಲಾಗಿ ನೆಡುವವರು ಪೌಲನ ಕಡೆಯವರಲ್ಲ ಎಂಬುದನ್ನಷ್ಟೇ ಖಚಿತವಾಗಿ ಹೇಳಬಲ್ಲೆ.

ಈ ಬೋಧನೆ ದಕ್ಷಿಣ ಭಾರತಕ್ಕೆ ಬಂದಾಗ ಅದು ಮತ್ತೆ ತಾನು ಹುಟ್ಟಿದ ಜಾಗಕ್ಕೇ ಬಂತು. ತಮಿಳು ಸೀಮೆಯ ಹಳೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮೇಲುಜಾತಿಯವರೂ ದಲಿತರೂ ಬೇರೆ ಬೇರೆ ಕೂರುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಯನ್ನು ಕೂಡಲೇ, ಸಂಪೂರ್ಣವಾಗಿ ಬಿಡಬೇಕೆಂದು ಪತ್ರ ಬರೆದರು. ತಂಜಾವೂರು, ಮದ್ರಾಸಿನ ವೇಪೇರಿಗಳಲ್ಲಿ ಅನೇಕರು ಸಭೆಯನ್ನೇ ಬಿಟ್ಟು ಹೋದರು, ಜಾತಿ ಬಿಡಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಬಿಗಿಯಾಗಿತ್ತು. ಜಾತಿ ಬಿಟ್ಟು ಬಂದವರು ಹಳೆಯ ಕಸುಬನ್ನೂ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದರು. ಕರಾವಳಿಯಲ್ಲಿ ಆ ಮಿಷನ್ನಿನ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಎದ್ದದ್ದಕ್ಕೆ ಇದೊಂದು ಮುಖ್ಯ ಕಾರಣ. 1850ರಲ್ಲಿ ಮದ್ರಾಸಿನ ಮಿಷನರಿ ಸಮ್ಮೇಳನ, ಇತರರ ಜೊತೆ ಕೂತು ಉಂಡು ಜಾತಿ ಬಿಟ್ಟದ್ದನ್ನು ತೋರಿಸದವರಿಗೆ ದೀಕ್ಷಾಸ್ನಾನ ಕೊಡಬಾರದೆಂದಿತು. ಇದನ್ನು ಒಪ್ಪದೆ ಹೊರಗುಳಿದದ್ದು ಲೂಥರನ ಹೆಸರಿನಲ್ಲೇ ನಡೆಯುತ್ತಿದ್ದ ಲೈಪ್ಜಿಗ್ ಮಿಷನ್. ಅದರ ನಿರ್ದೇಶಕ ಕಾರ್ಲ್ ಗ್ರೌಲ್ ಅವರ ನಿಲುವು ಹೀಗಿತ್ತು: ಜಾತಿ ಲೌಕಿಕ ವ್ಯವಸ್ಥೆ, ಸುವಾರ್ತೆ ಒಳಗಿನಿಂದ ಕೆಲಸ ಮಾಡಿ ಅದನ್ನು ನಿಧಾನವಾಗಿ ಕರಗಿಸುತ್ತದೆ, ಬಲವಂತ ಮಾಡಬಾರದು.

ಗ್ರೌಲ್ ಅವರ ಮಾತಿನಲ್ಲಿ ತಥ್ಯಾಂಶ ಇಲ್ಲದಿಲ್ಲ. ಪಂಕ್ತಿಯಲ್ಲಿ ಕೂರುವುದನ್ನೇ ಪರೀಕ್ಷೆಯಾಗಿ ಮಾಡಿದರೆ ಅದೂ ಒಂದು ಕಟ್ಟಳೆಯಲ್ಲವೇ, ಸುನ್ನತಿಯ ಜಾಗದಲ್ಲಿ ಸಹಭೋಜನ ಬಂದು ಕೂತಂತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂತಿಯೋಕ್ಯದಲ್ಲಿ ಪೇತ್ರನೂ ಇದೇ ಸಮಾಧಾನ ಹೇಳಬಹುದಿತ್ತು: ಇದು ಊಟದ ವಿಷಯ, ನಂಬಿಕೆಯದಲ್ಲ, ಯೆರೂಸಲೇಮಿನವರ ಮನಸ್ಸು ನೋಯಿಸುವುದೇಕೆ, ನಿಧಾನವಾಗಿ ಸರಿಹೋದೀತು. ಪೌಲ ಆ ಕಾಲಾವಕಾಶ ಕೊಡಲಿಲ್ಲ. ಊಟದ ಪದ್ಧತಿಗಳಲ್ಲಿ ಅವನು ಉದಾರಿ. ಮಾಂಸ ತಿನ್ನುವವನು ತಿನ್ನಲಿ, ತಿನ್ನದವನು ಬಿಡಲಿ, ಒಬ್ಬರನ್ನೊಬ್ಬರು ಹೀನೈಸದಿರಲಿ ಎಂದು ರೋಮಾಪುರದವರಿಗೆ ಬರೆದವನು. ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಅವರವರಿಗೆ ಬಿಟ್ಟ. ಪಕ್ಕದಲ್ಲಿ ಯಾರು ಕೂರಬಹುದೆಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ದೇವರು ಯಾವ ಷರತ್ತೂ ಇಲ್ಲದೆ ಸ್ವೀಕರಿಸಿದವನಿಗೆ ತಾನು ಷರತ್ತು ಹಾಕುವ ಅಧಿಕಾರ ಯಾವ ವಿಶ್ವಾಸಿಗೂ ಇಲ್ಲ ಎಂಬುದು ಅವನ ಪಾಲಿಗೆ ಹೊಸ ಕಟ್ಟಳೆಯಲ್ಲ. ಎಲ್ಲ ಕಟ್ಟಳೆಗಳಿಂದ ಬಿಡುಗಡೆಯಾಯಿತೆಂಬ ಮಾತಿನ ನೇರ ಅರ್ಥ. ಗ್ರೌಲ್ ನಂಬಿದ ‘ನಿಧಾನ’ಕ್ಕೆ ಈಗ ಸುಮಾರು ಒಂದೂಮುಕ್ಕಾಲು ಶತಮಾನವಾಗಿದೆ.

ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ವಿರುದ್ಧ ದಶಕಗಳಿಂದ ಹೋರಾಟ ನಡೆದಿದೆ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನ 2016ರ ಡಿಸೆಂಬರಿನಲ್ಲಿ ಹೊರತಂದ ನೀತಿಪತ್ರದಲ್ಲಿ, ಸಭೆಯೊಳಗೆ ಅಸ್ಪೃಶ್ಯತೆ, ತಾರತಮ್ಯ ಇರುವುದನ್ನು ತಾನೇ ಒಪ್ಪಿಕೊಂಡಿದೆ. ಪ್ರಾಟೆಸ್ಟೆಂಟ್ ಸಭೆಗಳೂ ಇದರಿಂದ ಹೊರತಲ್ಲ. ಬೋಧನಾಪೀಠದಿಂದ ಕೃಪೆಯ ಬಗ್ಗೆ, ನಂಬಿಕೆಯ ಬಗ್ಗೆ ಭಾನುವಾರ ಭಾನುವಾರ ಬೋಧಿಸುವ ಸಭಾಪಾಲಕರಲ್ಲಿ, ಬಿಷಪರಲ್ಲಿ ಕೇಳಿಕೊಳ್ಳುವುದಿಷ್ಟೇ: ಗಲಾತ್ಯ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಆ ಪ್ರಸಿದ್ಧ ವಾಕ್ಯವಿರುವ 16ನೆಯ ವಚನದಿಂದ ಓದಲು ಶುರುಮಾಡಬೇಡಿ, ಪಂಕ್ತಿಯ ಜಗಳ ಶುರುವಾಗುವ 11ನೆಯ ವಚನದಿಂದ ಶುರುಮಾಡಿ. ಓದಿ ಮುಗಿಸಿದ ಮೇಲೆ ನಿಮ್ಮ ಸಭೆಯಲ್ಲಿ ಬೇರೆ ಪಂಕ್ತಿ, ಬೇರೆ ಸ್ಮಶಾನ, ಹೆಣ್ಣು ಗಂಡು ಕೊಡುವಾಗ ನೋಡುವ ಬೇರೆ ಕುಲ ಏನಾದರೂ ಉಳಿದಿದ್ದರೆ, ಪೌಲ ಪೇತ್ರನಿಗೆ ಹೇಳಿದಂತೆ ಎಲ್ಲರ ಎದುರಿಗೇ ಅದನ್ನು ಹೇಳಿ.